ಕಲ್ಲಿನ ಋಣ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಂಪಿಯ ವಿಡಿಯೋಗಳನ್ನು ಯೂಟ್ಯೂಬಿಗೆ ಹಾಕಿ ಜಾಹೀರಾತಿನಿಂದ ಹಣ ಗಳಿಸುತ್ತಾನೆ. "ಹಿರಿಯರ ಕಲ್ಲು ತೋರಿಸಿ ಉಣ್ಣುವುದು ತಪ್ಪೇ ಟೀಚರ್?" ಎಂದು ಮೊನ್ನೆ ಕೇಳಿದ. ತಪ್ಪೆನ್ನಲು ಬಾಯಿ ಬರಲಿಲ್ಲ. ವಿಜಯನಗರದ ಪಾಠ ಹೇಳಿ ಸಂಬಳ ಎಣಿಸಿದವಳು ನಾನು; ಅದೂ ಅದೇ ಕಲ್ಲಿನ ಅನ್ನ.

ಕೆಲವು ಯುವಕರು ಹಂಪಿಯ ಕಂಬವೊಂದನ್ನು ಉರುಳಿಸಿದರು. 2019ರಲ್ಲಿ ಆ ವಿಡಿಯೋ ಎಲ್ಲೆಡೆ ಹರಿದಾಡಿತು. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ವಿಧಿಸಿ, ಅವರಿಂದಲೇ ಕಂಬ ನಿಲ್ಲಿಸಿತು. ಅದನ್ನೋದಿದ ರಾತ್ರಿ ನನಗೆ ನಿದ್ದೆಯಿಲ್ಲ. ಏಳನೇ ತರಗತಿಯ ಪ್ರವಾಸದಲ್ಲಿ ಅಲ್ಲಿನ ಗೋಡೆಯ ಮೇಲೆ ಮೊಳೆಯಿಂದ ನನ್ನ ಹೆಸರು ಗೀಚಿದ್ದೆ. ನನ್ನನ್ನು ಯಾರೂ ಹಿಡಿಯಲಿಲ್ಲ.

"ಗಳಿಸಪ್ಪಾ," ಎಂದೆ. "ಆದರೆ ನಿನ್ನ ವಿಡಿಯೋ ನೋಡಿ ಬಂದ ಮಗು ಮೊಳೆ ಕೈಬಿಡುವಂತಿರಲಿ." ಗೋಡೆಯ ಕಥೆಯನ್ನೂ ಹೇಳಿದೆ. ಪಾಠದಲ್ಲಿ ಅದನ್ನೊಮ್ಮೆಯೂ ಹೇಳಿರಲಿಲ್ಲ.