ಸಾಕು ಎನ್ನಲಾರದ ಜೀವ

ನಮ್ಮ ಹೊಲದ ನಾಯಿಗೆ ಕ್ಯಾನ್ಸರ್ ಆಗಿದೆ ಎಂದರೆ ಸೇಡಂ ಪೇಟೆಯಲ್ಲಿ ಮೊದಲು ನಗುತ್ತಾರೆ. ಅದರ ಕಾಲು ತೆಗೆಸಿಕೊಂಡು ಬಂದಿದ್ದೇವೆ ಎಂದರೆ ಸುಮ್ಮನಾಗುತ್ತಾರೆ. ಮುಂದಿನ ಚಿಕಿತ್ಸೆಯ ಬಗ್ಗೆ ಯೋಚನೆ ನಡೆದಿದೆ ಎಂದಾಗ ಮಾತ್ರ ಸಿಟ್ಟಾಗುತ್ತಾರೆ. “ಮಂದಿಗೇ ದವಾ ಸಿಗವಲ್ದು, ನೀವು ನಾಯಿಗಿ ರೊಕ್ಕಾ ಸುರೀತೀರೇನ್ರಿ ಸಾಹೇಬ್ರ?” ಎಂದು ಚಹದಂಗಡಿಯಲ್ಲಿ ಒಬ್ಬರು ಕೇಳಿದರು. ಕೇಳಿದವರು ನಮ್ಮ ಹಿತೈಷಿಗಳೇ. ಆ ಹೊತ್ತು ನಮಗೆ ಉತ್ತರ ಹೊಳೆಯಲಿಲ್ಲ.

ಮೋತಿ ಮುಧೋಳದ ಅರೆತಳಿ. ಅಂಚೆ ಇಲಾಖೆಯವರು 2005ರಲ್ಲಿ ಚೀಟಿ ಹೊರಡಿಸಿ ಗೌರವಿಸಿದ ಜಾತಿಯ ಅರ್ಧ ರಕ್ತ, ಇನ್ನರ್ಧ ಯಾವುದೋ ತಾಂಡಾದ್ದು. ಎಂಟು ವರ್ಷದ ಹಿಂದೆ ಭಾಯಿಜಾನ್ ಅದನ್ನು ತೊಗರಿ ಹೊಲಕ್ಕೆಂದು ತಂದರು. ಮನೆಯ ಹೊಸ್ತಿಲು ಅದು ದಾಟಿಲ್ಲ. ಹೊಲ, ಕುರಿ ಕಾಯಲು ಮತ್ತು ಬೇಟೆಗೆ ನಾಯಿ ಸಾಕಲು ಹದೀಸಿನಲ್ಲೇ ಅನುಮತಿ ಇರುವುದರಿಂದ ಮೊಹಲ್ಲಾದವರಿಗೂ ತಕರಾರಿರಲಿಲ್ಲ. ಕಾಯಿ ಕಟ್ಟುವ ಕಾಲಕ್ಕೆ ಹಂದಿಗಳನ್ನು ಓಡಿಸುತ್ತಾ, ಹೊಲ ನೋಡಿಕೊಳ್ಳುವ ಕಾಕಾನ ರೊಟ್ಟಿಯಲ್ಲಿ ಪಾಲು ತಿನ್ನುತ್ತಾ ಅದು ದೊಡ್ಡದಾಯಿತು.

ಹೋದ ಮಳೆಗಾಲ ಮುಂಗಾಲು ಎತ್ತೆತ್ತಿ ಇಡತೊಡಗಿತು. ಪಕ್ಕದ ಖಣಿಯ ಫರಸಿಯ ಚೂರು ಚುಚ್ಚಿರಬೇಕೆಂದು ಅರಿಶಿನ ಹಚ್ಚಿದೆವು. ಹದಿನೈದು ದಿನಕ್ಕೆ ಮಣಿಕಟ್ಟಿನ ಮೇಲೆ ಗಟ್ಟಿ ಬಾವು ಬಂತು. ಚಿಂಚೋಳಿ ದಾರಿಯಾಗಿ ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಒಯ್ದೆವು. ಎಕ್ಸ್‌ರೇಯಲ್ಲಿ ಎಲುಬು ಹುಳು ತಿಂದ ಕಟ್ಟಿಗೆಯಂತೆ ಕಂಡಿತು. ಎಲುಬಿನ ಕ್ಯಾನ್ಸರ್. ಎತ್ತರದ, ಭಾರದ ನಾಯಿಗಳಲ್ಲಿ ಹೆಚ್ಚು, ಮುಂಗಾಲಿನ ಈ ಜಾಗದಲ್ಲೇ ಹೆಚ್ಚು. ಕಾಲು ತೆಗೆದರೆ ನೋವು ಹೋಗುತ್ತದೆ, ರೋಗ ಹೋಗುವುದಿಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದರು. ರೋಗ ತಿಳಿಯುವ ಹೊತ್ತಿಗೆ ಹತ್ತರಲ್ಲಿ ಒಂಬತ್ತು ನಾಯಿಗಳಲ್ಲಿ ಅದರ ಬೀಜ ಶ್ವಾಸಕೋಶಕ್ಕೆ ಹಾರಿಬಿಟ್ಟಿರುತ್ತದಂತೆ, ಎಕ್ಸ್‌ರೇಗೂ ಕಾಣದಷ್ಟು ಸಣ್ಣದಾಗಿ.

ಕಾಲು ತೆಗೆದರು. ಮನೆಯ ಹೆಂಗಸರು ಅತ್ತರು, ನಮ್ಮ ಕಣ್ಣೂ ಒದ್ದೆಯಾದವು. ಮೋತಿಗೆ ಅಳಲು ಪುರಸೊತ್ತಿರಲಿಲ್ಲ. ಮೂರನೆಯ ದಿನ ಗೋಡೆಗೆ ಒರಗಿ ನಿಂತಿತು, ಮೂರನೆಯ ವಾರ ಬದುವಿನ ಮೇಲೆ ಓಡಿತು. ಇಲ್ಲದ ಕಾಲಿನ ಬಗ್ಗೆ ಅದಕ್ಕೆ ನಾಚಿಕೆಯಾಗಲಿ, ಹಿಂದೆ ನಾಲ್ಕಿದ್ದವು ಎಂಬ ನೆನಪಿನ ಸಂಕಟವಾಗಲಿ ಇದ್ದಂತೆ ಕಾಣಲಿಲ್ಲ.

ಪ್ರಶ್ನೆ ಎದ್ದದ್ದು ಆಮೇಲೆ. ಕಾಲು ತೆಗೆದು ಅಷ್ಟಕ್ಕೇ ಬಿಟ್ಟರೆ ಇಂಥ ನಾಯಿಗಳು ಸಾಮಾನ್ಯವಾಗಿ ನಾಲ್ಕೈದು ತಿಂಗಳು ಬದುಕುತ್ತವೆ. ಕಾರ್ಬೋಪ್ಲಾಟಿನ್ ಎಂಬ ಔಷಧಿಯನ್ನು ಮೂರು ವಾರಕ್ಕೊಮ್ಮೆ ನರಕ್ಕೆ ಹರಿಸಿ, ನಾಲ್ಕರಿಂದ ಆರು ಸಲ ಕೊಟ್ಟರೆ ಹತ್ತರಿಂದ ಹನ್ನೆರಡು ತಿಂಗಳು. ಒಂದು ವರ್ಷ ದಾಟುವವು ಮೊದಲ ಗುಂಪಿನಲ್ಲಿ ಹತ್ತಕ್ಕೆ ಒಂದು, ಎರಡನೆಯದರಲ್ಲಿ ನಾಲ್ಕೈದು. ಪೂರ್ತಿ ಗುಣವಾಗುವ ಮಾತು ಅಪರೂಪ. ನಾಯಿಗಳಿಗೆ ಕೊಡುವ ಪ್ರಮಾಣ ಮನುಷ್ಯರಿಗಿಂತ ಮೆದು, ಹೆಚ್ಚಿನವಕ್ಕೆ ಕೂದಲೂ ಉದುರುವುದಿಲ್ಲ, ಎರಡು ದಿನ ಮಂಕಾಗಿ ಮತ್ತೆ ತಿನ್ನುತ್ತವೆ. ಔಷಧಿ ಕೊಟ್ಟ ಕೆಲವು ದಿನ ಅದರ ಮೂತ್ರ ಮುಟ್ಟಬಾರದು, ಕೈಗವಸು ಬೇಕು ಎಂದೂ ಹೇಳಿದರು. ನಾಯಿಯ ಜೊಲ್ಲು ತಾಕಿದರೆ ತೊಳೆದುಕೊಳ್ಳುವ ಪಾಠ ನಮಗೆ ಮದರಸಾದಲ್ಲೇ ಆಗಿತ್ತು. ಈಗ ಡಾಕ್ಟರರೂ ತೊಳೆದುಕೊಳ್ಳಿ ಎನ್ನುತ್ತಿದ್ದರು.

ಐದು ಸಲದ ಔಷಧಿ, ಓಡಾಟ, ಎಲ್ಲಾ ಸೇರಿ ಸುಮಾರು ಹತ್ತು ಕ್ವಿಂಟಲ್ ತೊಗರಿ ಮಾರಬೇಕಿತ್ತು. ಚಹದಂಗಡಿಯವರು ಕೇಳಿದ್ದು ಇದನ್ನೇ. ಹೋದ ವರ್ಷ ಮದುವೆಯೊಂದರಲ್ಲಿ ನಾವು ಬಿರಿಯಾನಿಗೆ, ಶಾಮಿಯಾನಕ್ಕೆ ಇದರ ಎರಡರಷ್ಟು ಚೆಲ್ಲಿದಾಗ ಇವರ್ಯಾರೂ ಮಂದಿಗೆ ದವಾ ಇಲ್ಲವೆಂದು ನೆನಪಿಸಲಿಲ್ಲ, ಕೈ ತೊಳೆದು ಪಾನ್ ಹಾಕಿಕೊಂಡು ಹೋದರು. ಹೀಗೆ ಹೇಳಿ ಬಾಯಿ ಮುಚ್ಚಿಸಬಹುದಿತ್ತು. ಆದರೆ ಅವರ ಮಾತಿನ ಮುಳ್ಳು ಬೇರೆ ಕಡೆ ಚುಚ್ಚಿತು.

ಹೊಲದ ಕಾಕಾ ಪ್ರಾಯದಲ್ಲಿ ಇಪ್ಪತ್ತು ವರ್ಷ ಫರಸಿ ಖಣಿಯಲ್ಲಿ ದುಡಿದವನು. ಶಹಾಬಾದ್ ಕಲ್ಲೆಂದು ದೇಶದ ಅಂಗಳಗಳಿಗೆಲ್ಲಾ ಹಾಸಿದ ಬಂಡೆ ಇಂಥವರ ಕೈಯಿಂದ ಎದ್ದದ್ದು. ಅದರ ಧೂಳು ಇನ್ನೂ ಅವನ ಕೆಮ್ಮಿನಲ್ಲಿದೆ. ನಾಯಿಯ ಎದೆಗೆ ಎಕ್ಸ್‌ರೇ ತೆಗೆಸಿದ ನಾವು ಕಾಕಾನ ಎದೆಗೆ ತೆಗೆಸಿರಲಿಲ್ಲ. ಅದನ್ನು ಅವನು ಹೇಳಲಿಲ್ಲ. ಬೀದರಿನಿಂದ ಬಂದ ಕಪ್ಪು ಹಾಳೆಯನ್ನು ಬಿಸಿಲಿಗೆ ಹಿಡಿದು, “ಇದ್ರಾಗ ಎಲ್ಲಾ ಕಾಣ್ತದೇನ್ರಿ?” ಎಂದು ಮಾತ್ರ ಕೇಳಿದ. ಆ ವಾರವೇ ಅವನನ್ನು ಕಲಬುರಗಿಗೆ ಕರೆದೊಯ್ದೆವು. ಇದನ್ನು ಪುಣ್ಯವೆಂದು ಬರೆಯುತ್ತಿಲ್ಲ, ಎಂಟು ವರ್ಷ ತಡವಾಗಿತ್ತು. ನಾಯಿಗೆ ಹಾಕುವ ಹಣ ಬಡವರ ಬಾಯಿಂದ ಕಿತ್ತದ್ದು ಎನ್ನುವವರಿಗೆ ನಾವು ಹೇಳಬಹುದಾದದ್ದು ಇಷ್ಟೇ: ನಾಯಿಗೆ ರೋಗ ಬಾರದೆ ಇದ್ದ ಎಂಟು ವರ್ಷ ಆ ಹಣ ಕಾಕಾನಿಗೂ ಹೋಗಿರಲಿಲ್ಲ.

ಭಾಯಿಜಾನ್ ಮೌಲಾನಾರನ್ನು ಕೇಳಿದರು. ಫಲ ಖಚಿತವಿಲ್ಲದ ಚಿಕಿತ್ಸೆ ಮನುಷ್ಯನಿಗೂ ಫರ್ಜ್ ಅಲ್ಲ, ಮಾಡಿಸಿದರೆ ಒಳ್ಳೆಯದು, ಬಿಟ್ಟರೆ ಗುನಾಹ್ ಇಲ್ಲ ಎಂಬುದು ಬಹಳ ಜನ ವಿದ್ವಾಂಸರ ಅಭಿಪ್ರಾಯ ಎಂದರು. ಹದಿಮೂರನೆಯ ಶತಮಾನದಲ್ಲಿ ದಮಾಸ್ಕಸ್ ಮತ್ತು ಕೈರೋದಲ್ಲಿ ಬಾಳಿದ ಇಜ್ಜುದ್ದೀನ್ ಇಬ್ನ್ ಅಬ್ದುಸ್ಸಲಾಮರು ಪ್ರಾಣಿಗಳಿಗೆ ಮಾಲೀಕರ ಮೇಲಿರುವ ಹಕ್ಕುಗಳನ್ನು ಬರೆದಿಟ್ಟಿದ್ದಾರೆ. ಮುದಿಯಾಗಿ, ರೋಗಿಯಾಗಿ ಉಪಯೋಗಕ್ಕೆ ಬಾರದಾದರೂ ಅದರ ಮೇಲೆ ಖರ್ಚು ಮಾಡಬೇಕು, ತಾಳಲಾರದ ಹೊರೆ ಹೊರಿಸಬಾರದು ಎಂಬವು ಅದರಲ್ಲಿ ಎರಡು. ಬಾಯಾರಿದ ನಾಯಿಗೆ ಪಾದರಕ್ಷೆಯಲ್ಲಿ ನೀರು ಮೊಗೆದವರಿಗೆ ಕ್ಷಮೆ ಸಿಕ್ಕ ಹದೀಸು ಎಲ್ಲರಿಗೂ ಗೊತ್ತು. ಸೂರಃ ಕಹ್ಫ್‌ನಲ್ಲಿ ಗುಹೆಯಲ್ಲಿ ಮಲಗಿದವರು ಮೂವರೋ, ಐವರೋ, ಏಳು ಜನವೋ ಎಂಬ ಮಾತು ಬರುವಾಗ ಪ್ರತಿ ಎಣಿಕೆಯಲ್ಲೂ ನಾಯಿಯನ್ನು ಸೇರಿಸಿಯೇ ಎಣಿಸಲಾಗಿದೆ. ಖರ್ಚು ಮಾಡಬಹುದೇ ಎಂಬ ಪ್ರಶ್ನೆ ಇಲ್ಲಿಗೆ ಮುಗಿಯಿತು. ಆದರೆ ಯಾವುದು ಖರ್ಚು, ಯಾವುದು ಹೊರೆ? ಆ ಬಾಟಲಿ ಎರಡರಲ್ಲಿ ಯಾವುದು?

ಉರ್ದು ಶಾಲೆಯಲ್ಲಿ ಓದಿದವರಿಗೆ ಪತ್ರಸ್ ಬುಖಾರಿಯವರ ‘ಕುತ್ತೆ’ ಪ್ರಬಂಧ ನೆನಪಿರುತ್ತದೆ. ನಾಯಿಯಿಂದ ಏನು ಉಪಯೋಗವೆಂದು ಪಶುವೈದ್ಯರನ್ನು ಕೇಳಿ ಸೋಲುವುದರಿಂದಲೇ ಅದರ ಆರಂಭ. ಓದುವಾಗ ಬಿದ್ದು ಬಿದ್ದು ನಕ್ಕಿದ್ದೆವು. ನಾವು ವೈದ್ಯರನ್ನು ಕೇಳಿದ್ದು ಅದರ ತಿರುವುಮುರುವು: ಈ ಆರು ತಿಂಗಳಿಂದ ನಾಯಿಗೆ ಏನು ಉಪಯೋಗ? ಅವರು ನಗಲಿಲ್ಲ. “ಅದು ತಿಂಗಳು ಎಣಿಸೋದಿಲ್ಲ, ಎಣಿಸೋರು ನೀವು,” ಎಂದರು.

ಮಗಳ ಹಟಕ್ಕೆ ಮೊದಲ ಬಾಟಲಿ ಕೊಡಿಸಿದೆವು. ಅದಕ್ಕೆ ಹೈದರಾಬಾದಿಗೆ ಹೋಗಬೇಕಾಯಿತು. ತಾಂಡೂರಿನ ಮೇಲೆ ಹಾಯ್ದು, ಸಿಮೆಂಟ್ ಲಾರಿಗಳ ಹಿಂದೆ ನಾಲ್ಕು ತಾಸು. ಹುಟ್ಟಿದಂದಿನಿಂದ ಬಯಲಲ್ಲಿದ್ದ ಪ್ರಾಣಿ. ಬೀದರಿನ ದಾರಿಯಲ್ಲಿ ನಾಲ್ಕು ಕಾಲು ಊರಿ ಹೇಗೋ ನಿಂತಿತ್ತು. ಈಗ ಮೂರರಲ್ಲಿ ಪ್ರತಿ ತಿರುವಿಗೂ ಬಿತ್ತು, ಎದ್ದಿತು, ಬಿತ್ತು. ನಾಲಿಗೆ ಹೊರಚಾಚಿ ನಡುಗಿತು, ವಾಂತಿ ಮಾಡಿಕೊಂಡಿತು, ಸೀಟಿನ ಮೇಲೇ ಉಚ್ಚೆ ಹೊಯ್ದು ತಪ್ಪು ಮಾಡಿದಂತೆ ನಮ್ಮ ಮುಖ ನೋಡಿತು. ಔಷಧಿ ಹರಿದದ್ದು ಒಂದು ತಾಸಿಗೂ ಕಡಿಮೆ ಹೊತ್ತು. ಅದರಿಂದ ಮೋತಿಗೆ ಏನೂ ಆಗಲಿಲ್ಲ. ವೈದ್ಯರ ಮಾತು ನಿಜವಾಗಿತ್ತು, ದಾರಿ ಮಾತ್ರ ಆ ಲೆಕ್ಕದಲ್ಲಿ ಇರಲಿಲ್ಲ. ಹತ್ತು ಹನ್ನೆರಡು ತಿಂಗಳ ಸಂಖ್ಯೆ ಸೇಡಮಿನ ನಾಯಿಯ ದಾರಿಯನ್ನು ಅಳೆದು ಬಂದದ್ದಲ್ಲ.

ಎರಡನೆಯ ಸಲಕ್ಕೆ ಗಾಡಿ ಹೊಲಕ್ಕೆ ಬಂದಾಗ ಮೋತಿ ಗುಡಿಸಲ ಹಿಂದೆ ಹೋಗಿ ಮಲಗಿತು. ಕರೆದರೆ ಬಾಲ ಅಲ್ಲಾಡಿಸಿತು, ಏಳಲಿಲ್ಲ. “ಅದಕ್ಕ ಗಾಡಿ ಏರೋದು ಬ್ಯಾಡ ಆಗ್ಯಾದ್ರಿ,” ಎಂದ ಕಾಕಾ.

ನಮ್ಮ ಅಮ್ಮಿಯ ನೆನಪಾಯಿತು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯ ಶಾಖೆ ಕಲಬುರಗಿಯಲ್ಲೂ ಇರುವುದರಿಂದ ಆಕೆಗೆ ಬೆಂಗಳೂರಿನ ರೈಲು ತಪ್ಪಿತ್ತು. ಆದರೂ ಕಲಬುರಗಿಯ ಬಸ್ಸು ತಪ್ಪಲಿಲ್ಲ. ನಾಲ್ಕನೆಯ ಬಾಟಲಿಯ ಹಿಂದಿನ ರಾತ್ರಿ, “ಬಸ್ ಬಾಬಾ, ಅಬ್ ನಕ್ಕೊ,” ಎಂದಳು. ನಾವು ಅಣ್ಣತಮ್ಮಂದಿರು ಬೈದೆವು, ಅತ್ತೆವು, ಮತ್ತೆರಡು ಸಲ ಒಯ್ದೆವು. ಆಮೇಲೆ ಆಕೆಯ ಮಾತು ಕೇಳಿದೆವು. ತಾನು ಮಾತಾಡಲಾರದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯ ಮಾಡಿತು. ಬಾಯಿಬಿಟ್ಟು ಹೇಳಿದವಳ ಮಾತನ್ನೇ ಎರಡು ಬಾಟಲಿ ಕಾಲ ಕೇಳಿಸಿಕೊಳ್ಳದ ನಾವು ಗುಡಿಸಲ ಹಿಂದೆ ಮಲಗಿದ ನಾಯಿಯ ಮಾತು ಅರ್ಥವಾಯಿತು ಎನ್ನುವುದು ಹೇಗೆ?

ಗಾಡಿ ವಾಪಸು ಕಳಿಸಿದೆವು. ಮಗಳು ಎರಡು ದಿನ ನಮ್ಮೊಂದಿಗೆ ಮಾತು ಬಿಟ್ಟಳು. “ಹೆದರಿದರೆ ಬಿಟ್ಟುಬಿಡೋದಾ? ಮಕ್ಕಳೂ ಸೂಜಿಗೆ ಹೆದರ್ತಾರೆ ಅಬ್ಬಾ,” ಎಂದಳು. ಅವಳ ಮಾತಿಗೆ ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ಮಗು ಸೂಜಿಯ ಆಚೆ ಐವತ್ತು ವರ್ಷ ಬದುಕುತ್ತದೆ, ಇಲ್ಲಿ ಆರು ತಿಂಗಳು ಎಂದೆವು. ನಾಯಿಯ ಆಯಸ್ಸಿನಲ್ಲಿ ಆರು ತಿಂಗಳು ಎಷ್ಟು ವರ್ಷವೆಂದು ಅವಳು ತಿರುಗಿ ಕೇಳಿದಳು. ಇನ್ನೊಂದು ಮಾತು ಇಲ್ಲಿ ಮುಚ್ಚಿಡಬಾರದು. ಗಾಡಿ ತಿರುಗಿ ಹೋದಾಗ ಎದೆ ಹಗುರಾಯಿತು. ಅದರಲ್ಲಿ ಮೋತಿಯ ಮೇಲಿನ ರಹಮ್ ಎಷ್ಟು, ಉಳಿದ ತೊಗರಿಯ ಸಮಾಧಾನ ಎಷ್ಟು ಎಂದು ಬೇರ್ಪಡಿಸಲು ಇವತ್ತಿಗೂ ಆಗಿಲ್ಲ. ಕರುಣೆಯೂ ಉಳಿತಾಯವೂ ಒಂದೇ ಬದಿಗೆ ಬಂದು ನಿಂತಾಗ ತೀರ್ಪು ಕೊಟ್ಟವರು ಯಾರೆಂದು ತಿಳಿಯುವುದು ಕಷ್ಟ. ಎರಡೂ ಬೇರೆ ಬೇರೆ ಬದಿಗಿದ್ದಿದ್ದರೆ ನಾವು ಯಾವ ಕಡೆ ಹೋಗುತ್ತಿದ್ದೆವು ಎಂಬುದು ಆ ಗಾಡಿಯೊಂದಿಗೇ ಹೊರಟುಹೋಯಿತು.

ಈಗ ಐದನೆಯ ತಿಂಗಳು. ತೊಗರಿ ರಾಶಿ ಮುಗಿದಿದೆ. ನೋವಿನ ಗುಳಿಗೆಯನ್ನು ಕಾಕಾ ರೊಟ್ಟಿಯ ಚೂರಿನಲ್ಲಿ ಮುಚ್ಚಿ ಕೊಡುತ್ತಾನೆ. ಹೋದ ವಾರದಿಂದ ಮೋತಿ ರಾತ್ರಿ ಕೆಮ್ಮುತ್ತಿದೆ. ಬೆಳಗಿನ ಜಾವ ಯಾರ ಕೆಮ್ಮು ಯಾರದೆಂದು ಗುಡಿಸಲಿನ ಹೊರಗೆ ನಿಂತವರಿಗೆ ಗೊತ್ತಾಗುವುದಿಲ್ಲ. ನರಳಾಟ ಮಿತಿ ಮೀರಿದ ಪ್ರಾಣಿಗೆ ನೋವಿಲ್ಲದ ಅಂತ್ಯ ಕೊಡಿಸಲು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅವಕಾಶವಿದೆ. ಆ ಸೂಜಿಯ ವಿಷಯದಲ್ಲಿ ಮೌಲಾನಾ ತುಸು ತಡವರಿಸಿದರು, ಅದು ಮಲಗಿದಲ್ಲಿಂದ ಏಳಲಾರದಾದಾಗ ಬಂದು ಕೇಳಿ ಎಂದರು. ಹೊಲಕ್ಕೇ ಬರುವೆನೆಂದು ಒಪ್ಪಿದ ಪಶುವೈದ್ಯರ ನಂಬರು ಭಾಯಿಜಾನರ ಕಿಸೆಯಲ್ಲಿದೆ. ನಿನ್ನೆ ಸಂಜೆ ಅದನ್ನು ತೆಗೆದು ನೋಡಿ ಮತ್ತೆ ಮಡಚಿಟ್ಟರು. ಬದುವಿನಾಚೆ ಯಾರದೋ ಮೋಟರ್‌ಸೈಕಲ್ಲಿನ ಸದ್ದಾಗಿತ್ತು. ಮೋತಿ ಎದ್ದು, ಮೂರು ಕಾಲಲ್ಲಿ ಗೇಟಿನ ತನಕ ಓಡಿ, ಬೊಗಳಿ ಬಂತು.