ನಿಮ್ಮ ಮೇಲೂ ಸ್ವಲ್ಪ ಕನಿಕರವಿರಲಿ



ಭಾನುವಾರದ ಬಲಿಪೂಜೆಯಲ್ಲಿ ಪರಮಪ್ರಸಾದದ ಹೊತ್ತಿಗೆ ಎಲ್ಲರೂ ಎದ್ದು ಸಾಲಿಗೆ ಬರುತ್ತಾರೆ. ಹಿಂದಿನ ಬೆಂಚಿನಲ್ಲಿ ಮಾತ್ರ ಒಬ್ಬಿಬ್ಬರು ಏಳುವುದಿಲ್ಲ. ತಲೆ ತಗ್ಗಿಸಿ, ಸೆರಗಿನ ತುದಿಯನ್ನೋ ಜಪಸರವನ್ನೋ ಹಿಡಿದು ಕುಳಿತೇ ಇರುತ್ತಾರೆ. ಕೆಲವರಿಗೆ ಅದಕ್ಕೆ ತಕ್ಕ ಕಾರಣವಿರಬಹುದು. ಅದನ್ನು ಕೆದಕುವುದು ಅಕ್ಕಪಕ್ಕದವರ ಕೆಲಸವಲ್ಲ. ನಾನು ಹೇಳಹೊರಟಿರುವುದು ಬೇರೆಯವರ ಮಾತು. ಇವರು ಪಾಪನಿವೇದನೆ ಮಾಡಿದ್ದಾರೆ. ಒಂದಲ್ಲ, ಅದೇ ಪಾಪವನ್ನು ನಾಲ್ಕೈದು ಸಲ ಹೇಳಿದ್ದಾರೆ. ಗುರುಗಳು ಪಾಪವಿಮೋಚನೆ ಕೊಟ್ಟಿದ್ದಾರೆ. ಆದರೂ ಮನಸ್ಸು ಒಪ್ಪುವುದಿಲ್ಲ. "ದೇವರು ಕ್ಷಮಿಸಿರಬಹುದು ಸ್ವಾಮಿ, ನನಗೇ ನನ್ನನ್ನು ಕ್ಷಮಿಸಲಾಗುತ್ತಿಲ್ಲ" ಎನ್ನುತ್ತಾರೆ. ಸಾಯುವ ಮುಂಚೆ ತಾಯಿಗೆ ಆಡಿದ ಒಂದು ಕಟುಮಾತು, ಮಗನನ್ನು ಹೊಡೆದ ಒಂದು ಸಂಜೆ, ಯೌವನದಲ್ಲಿ ನಡೆದ ಒಂದು ತಪ್ಪು. ಇಪ್ಪತ್ತು ವರ್ಷ ಕಳೆದರೂ ಅದು ನಿನ್ನೆ ನಡೆದ ಹಾಗೇ ಇದೆ. (ಪಾಪನಿವೇದನೆಯ ಪೀಠದಲ್ಲಿ ಕೇಳಿದ್ದನ್ನು ಗುರುವಾದವನು ಎಲ್ಲಿಯೂ ಹೇಳುವಂತಿಲ್ಲ. ಇವೆಲ್ಲ ದೇವಾಲಯದ ಮೆಟ್ಟಿಲ ಮೇಲೆ, ಮನೆ ಭೇಟಿಯ ಹೊತ್ತಿನಲ್ಲಿ ಕಿವಿಗೆ ಬಿದ್ದ ಮಾತುಗಳು. ಇಂಥವರು ಎಲ್ಲ ಧರ್ಮಕೇಂದ್ರಗಳಲ್ಲೂ ಇದ್ದಾರೆ.)

ಇದನ್ನು ನಾವು ಸಾಮಾನ್ಯವಾಗಿ ದೀನತೆ ಎಂದು ತಿಳಿಯುತ್ತೇವೆ. 'ಎಂಥ ಭಕ್ತೆ, ಎಷ್ಟು ಪಾಪಭೀತಿ!' ಎಂದು ಹೊಗಳುವುದೂ ಉಂಟು. ಆದರೆ ಧರ್ಮಸಭೆ ಇದನ್ನು ಹೊಗಳಿಲ್ಲ, ಪೀಡೆಯೆಂದೇ ಕರೆದಿದೆ. ಇದಕ್ಕೆ ಲತ್ತೀನ್ ಭಾಷೆಯಲ್ಲಿ ಬಳಸುವ 'ಸ್ಕ್ರೂಪುಲಸ್' ಎಂಬ ಪದದ ಮೂಲಾರ್ಥ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸೇರಿಕೊಂಡ ಹರಳಿನಂತೆ ಅದು. ಕಣ್ಣಿಗೆ ಕಾಣದು, ಆದರೆ ಒಂದು ಹೆಜ್ಜೆಯನ್ನೂ ನೆಮ್ಮದಿಯಾಗಿ ಇಡಲು ಬಿಡದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನಮ್ಮಲ್ಲಿದೆಯಲ್ಲ? ಆ ಗಾದೆಯ ಮನುಷ್ಯ ನಿಜವಾಗಿ ಕದ್ದಿದ್ದ. ನಮ್ಮ ಹಿಂದಿನ ಬೆಂಚಿನವರು ಕುಂಬಳಕಾಯಿಯನ್ನು ಎಂದೋ ಹಿಂದಿರುಗಿಸಿ, ತೋಟದ ಯಜಮಾನನಿಂದ ಕ್ಷಮೆಯನ್ನೂ ಪಡೆದು, ಇಂದಿಗೂ ಹೆಗಲು ಒರೆಸಿಕೊಳ್ಳುತ್ತಲೇ ಇದ್ದಾರೆ.

ಈ ಹರಳು ಸಂತರನ್ನೂ ಬಿಟ್ಟಿಲ್ಲ. ಯೇಸುಸಭೆಯ ಸ್ಥಾಪಕರಾದ ಲೊಯೋಲದ ಸಂತ ಇಗ್ನೇಷಿಯಸರು 1522ರಲ್ಲಿ ಸ್ಪೇನಿನ ಮೊನ್ಸೆರಾತ್ ಮಠದಲ್ಲಿ ತಮ್ಮ ಇಡೀ ಜೀವನದ ಪಾಪಗಳನ್ನು ಬರೆದಿಟ್ಟುಕೊಂಡು ಮೂರು ದಿನ ಪಾಪನಿವೇದನೆ ಮಾಡಿದರು. ಅಷ್ಟಕ್ಕೆ ಮುಗಿಯಬೇಕಿತ್ತು. ಸಮೀಪದ ಮನ್ರೇಸಾ ಊರಿಗೆ ಬಂದ ಮೇಲೆ, 'ಅದನ್ನು ಹೇಳಲಿಲ್ಲವೇನೋ, ಇದನ್ನು ಸರಿಯಾಗಿ ಹೇಳಲಿಲ್ಲವೇನೋ' ಎಂಬ ಶಂಕೆ ಹಿಡಿಯಿತು. ಮತ್ತೆ ನಿವೇದನೆ, ಮತ್ತೆ ಶಂಕೆ. ದಿನಕ್ಕೆ ಏಳು ಗಂಟೆ ಮೊಣಕಾಲೂರಿ ಪ್ರಾರ್ಥಿಸಿದರೂ ಶಾಂತಿ ಇಲ್ಲ. ಬದುಕೇ ಬೇಡವೆಂಬ ಯೋಚನೆಯೂ ಹತ್ತಿರ ಸುಳಿಯಿತು. ದೇವರು ಬಿಡುಗಡೆ ಕೊಡುವವರೆಗೂ ಅನ್ನ ಮುಟ್ಟುವುದಿಲ್ಲವೆಂದು ಒಂದು ವಾರ ಪೂರ್ತಿ ಉಪವಾಸ ಕುಳಿತರು. ಆಗ ಅವರ ಪಾಪನಿವೇದನೆ ಕೇಳುತ್ತಿದ್ದ ಗುರುಗಳು ಏನು ಮಾಡಿದರು? ಇನ್ನಷ್ಟು ತಪಸ್ಸು ವಿಧಿಸಲಿಲ್ಲ. ಉಪವಾಸ ನಿಲ್ಲಿಸಿ ಊಟ ಮಾಡೆಂದು ಆಜ್ಞೆ ಮಾಡಿದರು. ಇಗ್ನೇಷಿಯಸರು ವಿಧೇಯರಾದರು. ಎರಡು ದಿನ ನೆಮ್ಮದಿ, ಮೂರನೆಯ ದಿನ ಶಂಕೆ ಪುನಃ ಬಂತು. ಆದರೆ ಈ ಸಲ ಕನಸಿನಿಂದ ಎಚ್ಚೆತ್ತವರಂತೆ ಅವರಿಗೆ ಹೊಳೆಯಿತು, ಈ ಒಳದನಿ ದೇವರದಲ್ಲ ಎಂದು. ಹಳೆಯ ಪಾಪಗಳನ್ನು ಇನ್ನು ಮುಂದೆ ನಿವೇದಿಸುವುದಿಲ್ಲವೆಂದು ಅಂದೇ ನಿರ್ಧರಿಸಿದರು. ಮುಂದೆ ಅವರು ತಮ್ಮ 'ಆಧ್ಯಾತ್ಮಿಕ ಸಾಧನೆ'ಗಳಲ್ಲಿ ಬರೆದಿಟ್ಟ ಒಂದು ಎಚ್ಚರಿಕೆ ಹೀಗಿದೆ: ಮೊಂಡು ಮನಸ್ಸಿನವನನ್ನು ವೈರಿಯು ಇನ್ನಷ್ಟು ಮೊಂಡನನ್ನಾಗಿ ಮಾಡಲು ನೋಡುತ್ತಾನೆ, ಸೂಕ್ಷ್ಮ ಮನಸ್ಸಿನವನನ್ನು ಅತಿಸೂಕ್ಷ್ಮನನ್ನಾಗಿ ಮಾಡಿ ಕೆಡಿಸುತ್ತಾನೆ.

ನೀವು ಯಾವ ಬಗೆಯವರೆಂದು ನೀವೇ ನೋಡಿಕೊಳ್ಳಿ. ಈ ಲೇಖನ ಮೊದಲನೆಯವರಿಗಲ್ಲ. ಅಣ್ಣತಮ್ಮಂದಿರ ಜಮೀನು ನುಂಗಿ ಹಾಯಾಗಿ ನಿದ್ದೆ ಮಾಡುವವರು ಇದನ್ನು ಓದಿ ಮತ್ತಷ್ಟು ಹಾಯಾಗುವುದು ಬೇಡ. ಅವರು ಜಕ್ಕಾಯನ ಕಥೆ ಓದಲಿ.

ಒಳಗೆ ಕೇಳುವ ದನಿ ಯಾರದೆಂದು ತಿಳಿಯುವುದು ಹೇಗೆ? 'ಸೈತಾನ' ಎಂಬ ಹೀಬ್ರೂ ಪದಕ್ಕೆ ಎದುರಾಳಿ, ಆರೋಪ ಹೊರಿಸುವವನು ಎಂದರ್ಥ. ಹಗಲಿರುಳೂ ನಮ್ಮ ಮೇಲೆ ದೂರು ಹೇಳುವವನೆಂದು ಪ್ರಕಟನಾ ಗ್ರಂಥದಲ್ಲಿ ಅವನ ವರ್ಣನೆಯಿದೆ. ಪವಿತ್ರಾತ್ಮರಿಗೆ ಸಂತ ಯೊವಾನ್ನರು ಬಳಸುವ ಗ್ರೀಕ್ ಪದವಾದರೋ ನಮ್ಮ ಪರವಾಗಿ ನಿಲ್ಲುವವರು, ವಕೀಲರು ಎಂಬ ಅರ್ಥ ಕೊಡುತ್ತದೆ. ನಮ್ಮ ಪರ ವಕೀಲರೂ ನಮ್ಮ ತಪ್ಪನ್ನು ಮುಚ್ಚಿಡುವುದಿಲ್ಲ. ಆದರೆ ಅವರು ತೋರಿಸುವುದು ಒಂದು ತಪ್ಪನ್ನು, ಜೊತೆಗೆ ಒಂದು ದಾರಿಯನ್ನು. 'ನಿನ್ನೆ ಸೊಸೆಗೆ ಹಾಗೆ ಅಂದದ್ದು ಸರಿಯಲ್ಲ, ಹೋಗಿ ಮಾತನಾಡಿಸು' ಎನ್ನುತ್ತಾರೆ. ಇನ್ನೊಬ್ಬನ ದನಿ ಹಾಗಲ್ಲ. 'ನೀನು ಇರುವುದೇ ಹೀಗೆ, ಜನ್ಮದಲ್ಲಿ ಸರಿಹೋಗುವವಳಲ್ಲ, ನಿನ್ನ ಪ್ರಾರ್ಥನೆ ಯಾರು ಕೇಳುತ್ತಾರೆ' ಎನ್ನುತ್ತದೆ. ಅದರಲ್ಲಿ ಮಾಡಬೇಕಾದ ಕೆಲಸವೇ ಇರುವುದಿಲ್ಲ, ಬರೀ ಬೈಗುಳ.

ಪೇತ್ರನನ್ನು ನೆನೆಯಿರಿ. ಮಹಾಯಾಜಕನ ಅಂಗಳದಲ್ಲಿ ಚಳಿಗೆ ಇದ್ದಿಲ ಬೆಂಕಿ ಉರಿಯುತ್ತಿತ್ತು. ಅದರ ಮುಂದೆ ಮೈ ಕಾಯಿಸುತ್ತಾ ಆತ ತನ್ನ ಗುರುವನ್ನು ಮೂರು ಸಲ ಅಲ್ಲಗಳೆದ. ಕೋಳಿ ಕೂಗಿತು, ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತ. ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ ಇನ್ನೊಂದು ಇದ್ದಿಲ ಬೆಂಕಿ ಬರುತ್ತದೆ. ಪುನರುತ್ಥಾನರಾದ ಪ್ರಭು ಸರೋವರದ ದಡದಲ್ಲಿ ಅದನ್ನು ತಾವೇ ಹೊತ್ತಿಸಿದ್ದಾರೆ. ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ರಾತ್ರಿಯೆಲ್ಲ ಬಲೆ ಬೀಸಿ ದಣಿದವರನ್ನು ಮೊದಲು ತಿಂಡಿಗೆ ಕರೆಯುತ್ತಾರೆ. ಮಾತು ಏನಿದ್ದರೂ ಹೊಟ್ಟೆ ತುಂಬಿದ ಮೇಲೆ. ಆಗಲೂ 'ಅಂದು ರಾತ್ರಿ ಯಾಕೆ ಹಾಗೆ ಮಾಡಿದೆ?' ಎಂಬ ಪ್ರಶ್ನೆ ಬರಲಿಲ್ಲ. ನನ್ನ ಮೇಲೆ ಪ್ರೀತಿಯಿದೆಯೇ ಎಂದು ಮೂರು ಸಲ ಕೇಳಿದರು, ಮೂರು ಸಲವೂ ಕುರಿಗಳ ಜವಾಬ್ದಾರಿ ವಹಿಸಿದರು. ಮೂರನೆಯ ಸಲ ಪೇತ್ರನಿಗೆ ದುಃಖವಾಯಿತು ಎಂಬುದನ್ನೂ ಶುಭಸಂದೇಶ ಮರೆಮಾಚುವುದಿಲ್ಲ. ಆದರೂ ಆತ ಅಲ್ಲೇ ನಿಂತ. 'ಈ ಕೆಲಸಕ್ಕೆ ನಾನು ಯೋಗ್ಯನಲ್ಲ' ಎಂದು ಮತ್ತೆ ಸರೋವರಕ್ಕೆ ಹಾರಿಕೊಂಡಿದ್ದರೆ, ಅದನ್ನು ದೀನತೆ ಎನ್ನಲಾದೀತೇ?

ಯೂದನೂ ಪಶ್ಚಾತ್ತಾಪಪಟ್ಟವನೇ. ಮೂವತ್ತು ಬೆಳ್ಳಿನಾಣ್ಯಗಳನ್ನು ಹಿಂದಿರುಗಿಸಿ, ಪಾಪ ಮಾಡಿದೆನೆಂದು ಬಾಯಿಬಿಟ್ಟು ಹೇಳಿದ. ಆದರೆ ಹೇಳಿದ್ದು ಯಾರ ಬಳಿ? ಅದು ನಿನ್ನ ಪಾಡೆಂದು ಕೈತೊಳೆದುಕೊಂಡ ಯಾಜಕರ ಬಳಿ. ನಮ್ಮೊಳಗಿನ ನ್ಯಾಯಾಧೀಶನೂ ಅಂಥವನೇ. ಎಷ್ಟು ಸಲ ಅವನ ಮುಂದೆ ತಪ್ಪೊಪ್ಪಿಕೊಂಡರೂ ಕ್ಷಮಿಸುವ ಅಧಿಕಾರ ಅವನಿಗಿಲ್ಲ.

ಜಿನೀವಾದ ಧರ್ಮಾಧ್ಯಕ್ಷರಾಗಿದ್ದ ಸಂತ ಫ್ರಾನ್ಸಿಸ್ ದ ಸಾಲ್ಸರ ಹೆಸರನ್ನು ಡಾನ್ ಬಾಸ್ಕೊ ಶಾಲೆಗಳ ಮೂಲಕ ಬಲ್ಲಿರಿ. ಸಲೇಷಿಯನ್ ಎಂಬ ಹೆಸರು ಬಂದದ್ದೇ ಇವರಿಂದ. ಪ್ಯಾರಿಸ್ಸಿನಲ್ಲಿ ಓದುತ್ತಿದ್ದಾಗ, ಹತ್ತೊಂಬತ್ತರ ಪ್ರಾಯದಲ್ಲಿ, ತಾವು ನರಕಕ್ಕೇ ಮೀಸಲಾದವರೆಂಬ ಭಯ ಇವರನ್ನು ಸುಮಾರು ಆರು ವಾರ ಹಿಂಡಿತು. ಊಟ ನಿದ್ದೆ ಬಿಟ್ಟುಹೋಗಿ ಹಣ್ಣಾದರು. ಕೊನೆಗೆ ಒಂದು ದೇವಾಲಯದಲ್ಲಿ ಮಾತೆ ಮರಿಯಮ್ಮನವರ ಕಪ್ಪು ಪ್ರತಿಮೆಯ ಮುಂದೆ ಮೊಣಕಾಲೂರಿದಾಗ ಆ ಭಾರ ಇಳಿಯಿತು. ಬಹುಶಃ ಆ ನೆನಪಿನಿಂದಲೇ ಇರಬೇಕು, 1609ರಲ್ಲಿ ಸಂಸಾರಸ್ಥರಿಗಾಗಿ ಅವರು ಪ್ರಕಟಿಸಿದ ಭಕ್ತಿಜೀವನದ ಗ್ರಂಥದಲ್ಲಿ ನಮ್ಮೊಡನೆ ನಾವು ಸೌಮ್ಯವಾಗಿರುವ ಬಗ್ಗೆಯೇ ಒಂದು ಅಧ್ಯಾಯವಿದೆ. ಸಿಟ್ಟು ಬಂತೆಂದು ತಮ್ಮ ಮೇಲೇ ಸಿಟ್ಟಾಗಿ, ಹಾಗೆ ಸಿಟ್ಟಾದುದಕ್ಕೆ ಮತ್ತೊಮ್ಮೆ ಸಿಟ್ಟಾಗುವವರನ್ನು ಅವರು ಬಲ್ಲರು. ಇದರ ಬೇರು ಅಹಂಕಾರದಲ್ಲಿದೆ ಎನ್ನುತ್ತಾರೆ. ಮಾತು ಸ್ವಲ್ಪ ಚುಚ್ಚುತ್ತದೆ, ಆದರೆ ನಿಜ. 'ನಾನು ಇಂಥ ತಪ್ಪು ಮಾಡುವುದೇ?' ಎಂಬ ಉದ್ಗಾರದಲ್ಲಿ ದೇವರಿಗಾದ ನೋವಿಗಿಂತ ನಮ್ಮ ಪ್ರತಿಮೆಗೆ ಬಿದ್ದ ಪೆಟ್ಟಿನ ನೋವೇ ಹೆಚ್ಚು. ಕೂಗಾಡುವ ತಂದೆಗಿಂತ ಮೆಲ್ಲಗೆ ತಿದ್ದುವ ತಂದೆಯ ಮಾತು ಮಗುವಿಗೆ ನಾಟುವ ಹಾಗೆ, ಬಿದ್ದ ಹೃದಯವನ್ನೂ ಕನಿಕರದಿಂದ ಎಬ್ಬಿಸಬೇಕು ಎಂಬುದು ಅವರ ಸಲಹೆ. ನೆರೆಮನೆಯವಳು ಇದೇ ತಪ್ಪು ಮಾಡಿ ನಿಮ್ಮ ಬಳಿ ಅತ್ತಿದ್ದರೆ ಏನು ಹೇಳುತ್ತಿದ್ದಿರಿ? ಅದನ್ನೇ ನಿಮಗೂ ಹೇಳಿಕೊಳ್ಳಿ.

ರಾತ್ರಿ ಮಲಗುವ ಮುಂಚೆ ಆತ್ಮಪರೀಕ್ಷೆ ಮಾಡುವವರು ಇಗ್ನೇಷಿಯಸರು ಇಟ್ಟ ಕ್ರಮವನ್ನೇ ಪಾಲಿಸಿ. ಅದರಲ್ಲಿ ಮೊದಲು ಬರುವುದು ಪಾಪದ ಲೆಕ್ಕವಲ್ಲ, ಆ ದಿನ ಪಡೆದ ಉಪಕಾರಗಳಿಗೆ ಕೃತಜ್ಞತೆ. ಪಾಪನಿವೇದನೆಗೆ ಒಬ್ಬರೇ ಗುರುಗಳ ಬಳಿ ಹೋಗಿ. ಇದನ್ನು ಮತ್ತೆ ಹೇಳಬೇಡಿ ಎಂದರೆ ಹೇಳಬೇಡಿ. ಇಷ್ಟಾದರೂ ಯೋಚನೆ ಗಾಣದೆತ್ತಿನಂತೆ ಸುತ್ತುತ್ತಲೇ ಇದ್ದರೆ, ಕೈ ತೊಳೆದದ್ದನ್ನೇ ತೊಳೆಯುವ, ಜಪ ಹೇಳಿದ್ದನ್ನೇ ಹೇಳುವ ಹಾಗಾಗಿದ್ದರೆ, ಅದು ಗೀಳಿನ ಕಾಯಿಲೆಯಾಗಿರಬಹುದು. ಅದಕ್ಕೆ ಔಷಧವಿದೆ, ಮಾತಿನ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಬದುಕು ಬೇಡವೆನಿಸಿದರಂತೂ ತಡಮಾಡದೆ ಮನೆಯವರಿಗೆ ತಿಳಿಸಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲ. ಸಕ್ಕರೆ ಕಾಯಿಲೆಗೆ ಹೋಗುವುದಿಲ್ಲವೇ?

ಇಷ್ಟೆಲ್ಲ ಬರೆಯುವ ನಾನೂ ಹಿಂದಿನ ಬೆಂಚಿನಲ್ಲಿ ಕುಳಿತವನೇ. ಗುರುವಾದ ಹೊಸತರಲ್ಲಿ ಒಂದು ಸಂಜೆ, ದೂರದ ಹಳ್ಳಿಯಿಂದ ರೋಗಿಯೊಬ್ಬರಿಗೆ ಅಭ್ಯಂಗ ನೀಡಬೇಕೆಂದು ಕರೆ ಬಂತು. ದಣಿದಿದ್ದೆ, ಮಳೆಯೂ ಇತ್ತು. ಬೆಳಿಗ್ಗೆ ಹೋದರಾಯಿತೆಂದು ಮಲಗಿದೆ. ಬೆಳಗಾಗುವ ಮುಂಚೆಯೇ ಅವರು ತೀರಿಕೊಂಡರು. ಪಾಪನಿವೇದನೆ ಮಾಡಿದೆ, ಆದರೆ ವರ್ಷಗಟ್ಟಲೆ ಪೀಠದ ಮುಂದೆ ನಿಂತಾಗಲೆಲ್ಲ ಆ ಮಳೆಯ ಸದ್ದೇ ಕೇಳುತ್ತಿತ್ತು. ಆ ಹಳ್ಳಿಯ ರಸ್ತೆಗೆ ಹೋಗುವುದನ್ನೂ ತಪ್ಪಿಸುತ್ತಿದ್ದೆ. ಒಬ್ಬ ಹಿರಿಯ ಗುರುಗಳಲ್ಲಿ ಹೇಳಿಕೊಂಡಾಗ ಅವರು ಉಪದೇಶವೇನೂ ಮಾಡಲಿಲ್ಲ. "ಆ ಮನೆಗೆ ಹೋಗಿ ಬಂದಿರಾ?" ಎಂದಷ್ಟೇ ಕೇಳಿದರು.

ಹೋದೆ. ದಾರಿಯುದ್ದಕ್ಕೂ ಬೈಗುಳಕ್ಕೆ ಉತ್ತರ ಹೊಂದಿಸಿಕೊಂಡಿದ್ದೆ. ಆ ತಾಯಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡರು, ಸ್ವಲ್ಪ ಹೊತ್ತು ಸುಮ್ಮನಿದ್ದರು, ಕಣ್ಣೊರೆಸಿಕೊಂಡರು. ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು ಎದ್ದು, "ಬಿಸಿಲಲ್ಲಿ ಬಂದಿದೀರ ಸ್ವಾಮಿ, ಒಳಗೆ ಬನ್ನಿ, ಊಟ ಆಯ್ತಾ?" ಎಂದರು.