ಬರೀ ಕಂಪ್ರೆಸರ್ ಹಾಕಿದರೆ

ಮಾಡಿದ ತಪ್ಪು ತೊಳೆದು ಹೋಗುತ್ತದೆಯೇ ಎಂಬ ಪ್ರಶ್ನೆ ಉಳಿದವರಿಗೆ ವೇದಾಂತ, ನನಗೆ ಹೊಟ್ಟೆಪಾಡು. ಮನೆ ಜಯನಗರ ಒಂದನೇ ಬ್ಲಾಕಿನಲ್ಲಿ. ಪೌರೋಹಿತ್ಯ ಬನಶಂಕರಿಯಿಂದ ಬಿಟಿಎಂ ಲೇಔಟಿನವರೆಗೆ. ಗೃಹಪ್ರವೇಶ, ಸತ್ಯನಾರಾಯಣ ಪೂಜೆಗಳ ನಡುವೆ ಶಾಂತಿ ಹೋಮಗಳೂ ಸಾಕಷ್ಟು ಬರುತ್ತವೆ. ಗ್ರಹಶಾಂತಿ, ಪಿತೃದೋಷ, ಸರ್ಪದೋಷ, ಹೆಸರೇ ಇಲ್ಲದ ದೋಷ. ಫೋನಿನಲ್ಲಿ ಮಾತಾಡುವ ಧಾಟಿಯಲ್ಲೇ ಗೊತ್ತಾಗಿಬಿಡುತ್ತದೆ: ಏನೋ ಆಗಿದೆ, ಏನೆಂದು ಬಾಯಿಬಿಡುವ ಮನಸ್ಸಿಲ್ಲ, ಭಾನುವಾರ ಊಟದ ಹೊತ್ತಿಗೆ ಮುಗಿದಿರಬೇಕು.

ಈ ವಿಷಯದ ಮೇಲೆ ಪಾಠಶಾಲೆಯಲ್ಲಿ ಓದಿದ್ದೇನೆ, ಉಪನ್ಯಾಸಗಳನ್ನೂ ಕೇಳಿದ್ದೇನೆ. ಆದರೆ ಅದು ತಲೆಗೆ ಹತ್ತಿದ್ದು ಸಿದ್ದಾಪುರದ ಒಂದು ಕಾರ್ ಏಸಿ ಅಂಗಡಿಯ ಸ್ಟೂಲಿನ ಮೇಲೆ.

ನನ್ನದು 2006ರ ಮಾಡೆಲ್ ಸಣ್ಣ ಕಾರು, ಸೆಕೆಂಡ್ ಹ್ಯಾಂಡ್. ಪುರೋಹಿತನಿಗೆ ಏಸಿ ಯಾತಕ್ಕೆ ಎಂದು ನಗುವವರು ಏಪ್ರಿಲ್ ತಿಂಗಳಲ್ಲಿ ಹೋಮಕುಂಡದ ಮುಂದೆ ಎರಡು ಗಂಟೆ ಬೆಂದು, ಅದೇ ಮೈಯಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ನೋಡಲಿ. ಈ ಬೇಸಿಗೆಯಲ್ಲಿ ಬಾನೆಟ್ ಒಳಗಿಂದ ಕರಕರ ಸದ್ದು ಶುರುವಾಯಿತು. ಆಮೇಲೆ ಸದ್ದೂ ನಿಂತಿತು, ತಂಪೂ ನಿಂತಿತು.

ಸಿದ್ದಾಪುರ ಎಂದರೆ ಲಾಲ್‌ಬಾಗಿಗೆ ಬರುವವರಿಗೆ ಒಂದು ಗೇಟು, ಗಿಡ ಕೊಳ್ಳುವವರಿಗೆ ಸಾಲು ಸಾಲು ನರ್ಸರಿ. ಆ ಕುಂಡಗಳ ಸಾಲು ದಾಟಿ ಒಳಗೆ ತಿರುಗಿದರೆ ಈ ಅಂಗಡಿ. ಮೇಸ್ತ್ರಿ ನನಗಿಂತ ಹಿರಿಯರು, ಬಿಳಿ ಗಡ್ಡದ ಸಾಹೇಬರು. ಕಂಪ್ರೆಸರಿನಿಂದ ಹೊರಡುವ ಪೈಪ್ ಬಿಚ್ಚಿ, ಬಾಯಿಗೆ ಬೆರಳು ಹಾಕಿ ತಿರುವಿ, ಆ ಬೆರಳನ್ನು ಬಿಸಿಲಿಗೆ ಹಿಡಿದರು. ಕಪ್ಪು ಎಣ್ಣೆ, ಅದರೊಳಗೆ ರಂಗೋಲಿ ಪುಡಿಯ ಹಾಗೆ ಏನೋ ಮಿನುಗುತ್ತಿತ್ತು.

"ಅಲ್ಯೂಮಿನಿಯಂ ಸ್ವಾಮಿ. ಎಣ್ಣೆ ಇಲ್ದೆ ತನ್ನನ್ನ ತಾನೇ ತಿಂದ್ಕೊಂಡಿದೆ."

ಇಂಜಿನ್ನಿಗೆ ಇರುವ ಹಾಗೆ ಇಂಥ ಕಂಪ್ರೆಸರಿಗೆ ಪ್ರತ್ಯೇಕ ಎಣ್ಣೆ ತೊಟ್ಟಿ ಇಲ್ಲವಂತೆ. ಎಣ್ಣೆ ಗ್ಯಾಸಿನ ಜೊತೆಯಲ್ಲೇ ಊರೆಲ್ಲ ಸುತ್ತಿ ಬರಬೇಕು. ಕಂಪ್ರೆಸರ್ ಗ್ಯಾಸನ್ನು ಅದುಮಿ ಬಿಸಿ ಮಾಡಿ ಮುಂದಿನ ಕಂಡೆನ್ಸರಿಗೆ ತಳ್ಳುತ್ತದೆ. ಅಲ್ಲಿ ಅದು ಬಿಸಿ ಬಿಟ್ಟು ದ್ರವವಾಗಿ, ಡ್ರೈಯರಿನಲ್ಲಿ ತೇವ ಕಳೆದುಕೊಂಡು, ಎಕ್ಸ್‌ಪ್ಯಾನ್ಷನ್ ವಾಲ್ವಿನ ಸೂಜಿಕಣ್ಣಿನಿಂದ ಕೂಲಿಂಗ್ ಕಾಯಿಲಿಗೆ ಚಿಮ್ಮಿ, ಒಳಗಿನ ಸೆಕೆ ಹೀರಿ ವಾಪಸಾಗುತ್ತದೆ. ಗ್ಯಾಸ್ ಸೋರಿದರೆ ಎಣ್ಣೆಯೂ ಸೋರುತ್ತದೆ, ಉಳಿದದ್ದೂ ಸರಿಯಾಗಿ ಮರಳುವುದಿಲ್ಲ. ಪಿಸ್ಟನ್ನುಗಳು ಒಣಗಿ ಉಜ್ಜುತ್ತವೆ. ಉಜ್ಜಿದ ಪುಡಿ ಕಂಡೆನ್ಸರಿನ ಕೂದಲೆಳೆ ಕೊಳವೆಗಳಲ್ಲಿ, ಡ್ರೈಯರಿನಲ್ಲಿ, ವಾಲ್ವಿನಲ್ಲಿ ಹೋಗಿ ಕೂರುತ್ತದೆ.

"ಬರೀ ಕಂಪ್ರೆಸರ್ ಹಾಕಿ ಕಳಿಸಿ ಅಂದ್ರೆ ಕಳಿಸ್ತೀನಿ. ತಂಪೂ ಬರತ್ತೆ. ಈ ಪುಡಿ ಸುತ್ತಿ ಬಂದು ಹೊಸದನ್ನೂ ತಿನ್ನತ್ತೆ. ಆಗ ನನ್ನ ಬೈಬೇಡಿ."

ಕಂಡೆನ್ಸರ್, ಡ್ರೈಯರ್, ವಾಲ್ವ್ ಎಲ್ಲವೂ ಹೊಸದು ಬೇಕು, ಪೈಪುಗಳನ್ನು ತೊಳೆಯಬೇಕು. ಹುಡುಗನನ್ನು ಜೆ.ಸಿ. ರಸ್ತೆಗೆ ಸಾಮಾನಿಗೆ ಕಳಿಸಿ, ಮೇಸ್ತ್ರಿ ಬಗ್ಗಿ ಬಗ್ಗಿ ಏನನ್ನೋ ಹುಡುಕತೊಡಗಿದರು. ಕಡೆಗೆ ಪೈಪಿನ ಒಂದು ಜಾಯಿಂಟ್ ತೋರಿಸಿದರು. ಜಿಡ್ಡಿಗೆ ಧೂಳು ಮೆತ್ತಿ ಕಪ್ಪಗೆ ಗಟ್ಟಿಯಾಗಿತ್ತು. ಒಳಗಿನ ಓ-ರಿಂಗ್ ಒಣಗಿ ಬಿರಿದಿದೆ, ಕೆಲವೇ ರೂಪಾಯಿಯ ರಬ್ಬರ್ ಬಳೆ. "ಪ್ರತಿ ಬೇಸಿಗೇಲೂ ಗ್ಯಾಸ್ ತುಂಬ್ಸಿದ್ದಾರೆ ನಿಮ್ ಹಿಂದಿನ ಓನರ್. ಎಲ್ಲಿಂದ ಹೋಗ್ತಿದೆ ಅಂತ ಒಬ್ರೂ ಕೇಳಿಲ್ಲ."

ನನಗೆ ಒಮ್ಮೆಲೇ ನನ್ನ ಯಜಮಾನರೆಲ್ಲ ಕಣ್ಣ ಮುಂದೆ ಬಂದರು. ಪ್ರತಿ ವರ್ಷ ಅದೇ ತಿಂಗಳಿಗೆ ಅದೇ ಹೋಮ.

ಭಾಗವತದ ಆರನೆಯ ಸ್ಕಂಧದ ಆರಂಭದಲ್ಲೇ ಪರೀಕ್ಷಿತ ಈ ತಕರಾರು ಎತ್ತುತ್ತಾನೆ. ನರಕಗಳ ವರ್ಣನೆ ಕೇಳಿ ಹೆದರಿದವನಿಗೆ ಶುಕರು ಪ್ರಾಯಶ್ಚಿತ್ತದ ದಾರಿ ಹೇಳಿದರೆ, ಅವನು ಒಪ್ಪುವುದಿಲ್ಲ. ಜನ ಪ್ರಾಯಶ್ಚಿತ್ತ ಮಾಡಿಕೊಂಡು ಮತ್ತೆ ಅದೇ ಪಾಪಕ್ಕೆ ಇಳಿಯುತ್ತಾರಲ್ಲ, ಇದು ಆನೆ ಸ್ನಾನ ಮಾಡಿ ಮೈಮೇಲೆ ಮಣ್ಣೆರಚಿಕೊಂಡಂತೆ ಎನ್ನುತ್ತಾನೆ. ಶುಕರು ಸಿಟ್ಟಾಗುವುದಿಲ್ಲ. ಹೌದು, ಕರ್ಮವನ್ನು ಇನ್ನೊಂದು ಕರ್ಮದಿಂದ ಬೇರುಸಹಿತ ಕೀಳಲಾಗದು, ನಿಜವಾದ ಪ್ರಾಯಶ್ಚಿತ್ತ ವಿಮರ್ಶೆಯೇ ಎಂಬ ಅರ್ಥದ ಉತ್ತರ ಕೊಡುತ್ತಾರೆ. ಮುಂದೆ ಅಜಾಮಿಳನ ಕಥೆ ಬಂದು ಎಲ್ಲರೂ ನಾಮಸ್ಮರಣೆಯ ಕಡೆ ಹೊರಳಿಬಿಡುತ್ತೇವೆ. ಸಪ್ತಾಹಗಳಲ್ಲಿ ಈ ವಿಮರ್ಶೆಯ ಮಾತಿನ ಮೇಲೆ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ದಕ್ಷಿಣೆ ಹುಟ್ಟದ ಜಾಗ ಅದು.

ಕೇಳುತ್ತಿರುವವನು ಯಾರೆಂಬುದನ್ನೂ ನೋಡಬೇಕು. ಬಾಯಾರಿ ಬಂದಾಗ ನೀರು ಸಿಗಲಿಲ್ಲವೆಂದು ಧ್ಯಾನದಲ್ಲಿದ್ದ ಶಮೀಕ ಋಷಿಯ ಕೊರಳಿಗೆ ಸತ್ತ ಹಾವು ಹಾಕಿ ಬಂದವನು. ಋಷಿಯ ಮಗ ಶೃಂಗಿ ಕೊಟ್ಟ ಶಾಪಕ್ಕೆ ಏಳು ದಿನದ ಗಡುವು. ಅರಮನೆಗೆ ಬಂದು ಪಶ್ಚಾತ್ತಾಪದಿಂದ ಬೆಂದವನು ಗಂಗೆಯ ದಡದಲ್ಲಿ ಕೂತು, ತಕ್ಷಕ ಬಂದು ಕಚ್ಚಲಿ, ನೀವು ಹರಿಕಥೆ ಹೇಳಿ ಎಂದು ಮುನಿಗಳನ್ನು ಬೇಡಿಕೊಳ್ಳುತ್ತಾನೆ. ಶಾಪ ತಪ್ಪಿಸಲು ಒಂದು ಹೋಮ ಮಾಡಿಸಿ ಎನ್ನುವುದಿಲ್ಲ. ಅವನಿಗೆ ಮುಕ್ತಿ ಸಿಕ್ಕಿತು, ತಕ್ಷಕನೂ ಬಂದ. ನನ್ನ ಬಳಿ ಬರುವವರಿಗೆ ಬೇಕಾಗಿರುವುದು ತಕ್ಷಕ ಬರದಿರುವುದು, ಅಷ್ಟೇ. ತಪ್ಪಿನ ವಿಷಯ ಬೇಡ, ಫಲದ ವಿಷಯ ಮಾತಾಡಿ ಎನ್ನುತ್ತಾರೆ. ಅವರಿಗೆ ತಂಪು ಗಾಳಿ ಬೇಕು, ಜಾಯಿಂಟ್ ನೋಡುವುದು ಬೇಡ.

ಇಲ್ಲಿ ನನ್ನದೇ ಒಂದು ಕುಹಕವೂ ಇತ್ತು: ಓ-ರಿಂಗ್ ಕಡೆಗಣಿಸಿದವರು ಹಿಂದಿನ ಮಾಲೀಕರು, ಬಿಲ್ಲು ಮಾತ್ರ ನನ್ನದು. ಮಾಡಿದವನೇ ಉಣ್ಣಬೇಕು ಎಂದು ನಾವು ದಿನಾ ಹೇಳುವ ಕರ್ಮಸಿದ್ಧಾಂತಕ್ಕೆ ಇದು ಒಗ್ಗುವುದಿಲ್ಲ. ಆದರೆ ಋಗ್ವೇದದ ಏಳನೆಯ ಮಂಡಲದಲ್ಲಿ ವಸಿಷ್ಠರು ವರುಣನ ಮುಂದೆ ನಿಂತಾಗ, ತಾವು ಮಾಡಿದ್ದರ ಜೊತೆಗೆ ತಂದೆಯರು ಮಾಡಿಟ್ಟ ದ್ರೋಹಗಳಿಂದಲೂ ಬಿಡಿಸು ಎಂದು ಬೇಡುತ್ತಾರೆ. ಹಾಗಾದರೆ ಕೈ ಬದಲಾದರೂ ಸಾಲ ಹರಿದು ಬರುತ್ತದೆ ಎಂಬ ಅನುಭವ ಬಹಳ ಹಳೆಯದು. ಬೆಂಗಳೂರಿನ ಸೈಟುಗಳ ಇತಿಹಾಸ ಬಲ್ಲ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಲೆಕ್ಕ ಇನ್ನೂ ಕಷ್ಟದ್ದು. ಬೇಸಿಗೆ ಬೇಸಿಗೆಗೂ ಸೋರಿದ ಆ ಗ್ಯಾಸ್, ಆರ್-134ಎ, ಎಲ್ಲಿಗೆ ಹೋಯಿತು? ಮೊದಲಿನ ಸಿಎಫ್‌ಸಿ ಗ್ಯಾಸು ಓಝೋನ್ ಪದರ ತೂತು ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದ ಬಂತು. ಅದರ ಜಾಗಕ್ಕೆ ಬಂದದ್ದು ಇದು. ಓಝೋನಿಗೆ ತೊಂದರೆಯಿಲ್ಲ, ಆದರೆ ಭೂಮಿ ಕಾಯಿಸುವುದರಲ್ಲಿ ಒಂದು ಕಿಲೋಗೆ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. 2016ರ ಕಿಗಾಲಿ ತಿದ್ದುಪಡಿಯಲ್ಲಿ ಈ ಜಾತಿಯ ಗ್ಯಾಸುಗಳನ್ನೂ ಕಡಿಮೆ ಮಾಡಲು ದೇಶಗಳು ಒಪ್ಪಿದವು. ಒಂದು ಪಾಪಕ್ಕೆ ಕಂಡುಕೊಂಡ ಪರಿಹಾರವೇ ಇನ್ನೊಂದು ಪಾಪ. ಇದಕ್ಕೆ ಯಾವ ಕುಂಡದಲ್ಲಿ ಯಾರ ಹೆಸರಿಗೆ ಆಹುತಿ ಹಾಕಲಿ? ನನ್ನ ಮಂತ್ರಗಳಲ್ಲಿ ಅಂತರಿಕ್ಷಕ್ಕೆ ಶಾಂತಿ ಕೋರುವ ಮಂತ್ರವಿದೆ, ಹೇಳುತ್ತೇನೆ. ಹೇಳಿ ಕಾರು ಹತ್ತುತ್ತೇನೆ.

ಸಾಮಾನು ಬಂತು. ಜೋಡಿಸಿ, ಪಂಪ್ ಹಚ್ಚಿ ಪೈಪುಗಳೊಳಗಿನ ಗಾಳಿಯನ್ನೆಲ್ಲ ಎಳೆದರು. ಒತ್ತಡ ಅಷ್ಟು ಇಳಿದಾಗ ಒಳಗಿನ ತೇವ ಬಿಸಿಯಿಲ್ಲದೆಯೇ ಕುದಿದು ಹೊರಬರುತ್ತದೆ; ಉಳಿದರೆ ಗ್ಯಾಸಿನೊಂದಿಗೆ ಸೇರಿ ಆಮ್ಲವಾಗಿ ಲೋಹ ಕೊರೆಯುತ್ತದೆ. ಆಮೇಲೆ ಪಂಪ್ ನಿಲ್ಲಿಸಿ, ಗ್ಯಾಸ್ ತುಂಬುವ ಮುಂಚೆ ಮೀಟರಿನ ಮುಳ್ಳು ನೋಡುತ್ತಾ ಕೂತರು. ಮುಳ್ಳು ಮೇಲೆ ಬಂದರೆ ಇನ್ನೂ ಎಲ್ಲೋ ಬಿಟ್ಟಿದೆ ಎಂದರ್ಥ. ಅಷ್ಟು ವರ್ಷದ ಅನುಭವಸ್ಥರು, ತಮ್ಮ ಕೈಯ ಕೆಲಸವನ್ನೇ ನಂಬದೆ ಮುಳ್ಳನ್ನು ಕಾಯುತ್ತಿದ್ದರು. ಹೋಮ ಮುಗಿದ ಮೇಲೆ ಹೀಗೆ ಕಾದು ನೋಡುವ ಯಾವ ವಿಧಿಯೂ ನಮ್ಮಲ್ಲಿಲ್ಲ. ಪೂರ್ಣಾಹುತಿ ಆಯಿತೆಂದರೆ ಎಲೆ ಹಾಕುತ್ತಾರೆ.

ಕಾಯುವ ಹೊತ್ತಿನಲ್ಲಿ ನಿಮ್ಮಲ್ಲಿ ತೌಬಾ ಹೇಗೆ ಎಂದು ಕೇಳಿದೆ. ಬೆರಳು ಮಡಿಸದೆ, ಮುಳ್ಳಿನಿಂದ ಕಣ್ಣು ತೆಗೆಯದೆ ಹೇಳಿದರು. ತಪ್ಪು ಬಿಡಬೇಕು, ಮನಸ್ಸು ನೋಯಬೇಕು, ಮತ್ತೆ ಮಾಡಲ್ಲ ಅನ್ನಬೇಕು. "ಅಲ್ಲಾಹ್ ಜೊತೆಗಿನ ತಪ್ಪಾದ್ರೆ ಇಷ್ಟು ಸಾಕು. ಇನ್ನೊಬ್ಬರ ಹಕ್ಕು ತಿಂದಿದ್ರೆ ಅವರದು ಅವರಿಗೆ ಕೊಡ್ಬೇಕು. ಇಲ್ದಿದ್ರೆ ನಮಾಜ್ ಎಷ್ಟ್ ಮಾಡಿದ್ರೂ ಅದು ಅಲ್ಲೇ ಇರತ್ತೆ."

ಅಂಗಡಿಯ ಪಾಠ ಸಾಲದಿದ್ದುದು ಇಲ್ಲಿ. ಯಂತ್ರದ ಪುಡಿ ಯಂತ್ರದೊಳಗೇ ಇರುತ್ತದೆ. ತೊಳೆದರೆ, ಬದಲಿಸಿದರೆ ಮುಗಿಯಿತು. ಮನುಷ್ಯ ಮಾಡಿದ ಅನ್ಯಾಯದ ಪುಡಿ ಬೇರೆಯವರ ಮನೆಯಲ್ಲಿ ಕೂತಿರುತ್ತದೆ. ನಮ್ಮ ಒಳಗನ್ನು ಎಷ್ಟು ತೊಳೆದರೂ ಅಲ್ಲಿಗೆ ನೀರು ತಲುಪುವುದಿಲ್ಲ. ಮನುಸ್ಮೃತಿ ಹನ್ನೊಂದನೆಯ ಅಧ್ಯಾಯದಲ್ಲಿ ಪಾಪ ಕಳೆಯುವ ದಾರಿಗಳನ್ನು ಹೇಳುವಾಗ ತಪಸ್ಸಿಗಿಂತ ಮೊದಲು ಎಣಿಸುವುದು, ಮಾಡಿದ್ದನ್ನು ಬಾಯಿಬಿಟ್ಟು ಹೇಳುವುದನ್ನು. ಹೋಮಕ್ಕೆ ಕರೆಯುವವರು ನನ್ನ ಹತ್ತಿರ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿಸುತ್ತಾರೆ.

ಮುಂದಿನ ತಿಂಗಳೇ ಜೆ.ಪಿ. ನಗರದಿಂದ ಕರೆ. ಹಳೆಯ ಯಜಮಾನರು, ವಾಡಿಕೆಯ ಶಾಂತಿ. ತಂದೆಯ ಸೈಟು ಹೇಗೆ ಒಬ್ಬರ ಹೆಸರಿಗೆ ಆಯಿತು, ತಮ್ಮ ಏಕೆ ಈ ಮನೆಗೆ ಕಾಲಿಡುವುದಿಲ್ಲ ಎಂಬುದು ಆ ಬೀದಿಗೆಲ್ಲ ಗೊತ್ತು. ಸಂಕಲ್ಪಕ್ಕೆ ಹೆಸರುಗಳನ್ನು ಬರೆದುಕೊಳ್ಳುವಾಗ, ತಮ್ಮನವರನ್ನೂ ಸೇರಿಸೋಣವೇ ಎಂದೆ. ಅವರು ಸುಮ್ಮನಾದರು. ಅಡುಗೆಮನೆಯಿಂದ ಮನೆಯಾಕೆ, "ಸೇರಿಸಿ" ಎಂದರು. ಗೋತ್ರ ಹೇಗೂ ಒಂದೇ, ನಕ್ಷತ್ರ ಬೇಕಲ್ಲ ಎಂದೆ. ಅವರಿಗೆ ಗೊತ್ತಿರಲಿಲ್ಲ. "ಅವನನ್ನೇ ಕೇಳಬೇಕಾಗುತ್ತದೆಯೇ?" ಎಂದರು. ಕೇಳಿದರೆ ಒಳ್ಳೆಯದು ಎಂದೆ.

ನಕ್ಷತ್ರ ಗೊತ್ತಿಲ್ಲದವರಿಗೆ ಹೆಸರಿನ ಮೊದಲ ಅಕ್ಷರದಿಂದ ಹಿಡಿಯುವ ಉಪಾಯ ಪಂಚಾಂಗದಲ್ಲೇ ಇದೆ. ಅದನ್ನು ನಾನು ಹೇಳಲಿಲ್ಲ.